ಲೈನ್ ನಡೆದವರು: ಎನ್. ಬೇಗೂರು ಕಾಡು ಮತ್ತು ಸ್ವಯಂಸೇವಕರು

ಎಚ್.ಡಿ. ಕೋಟೆ ಸೀಮೆಯ ಕಾಡನ್ನು ಕಬಿನಿ ಹೊಳೆ ಎರಡು ಪಾಲು ಮಾಡಿದೆ. ಆಚೆ ದಡ ನಾಗರಹೊಳೆ, ಈಚೆ ದಡ ಬಂಡೀಪುರ. ಈಚೆ ದಡದಲ್ಲಿ ಹಿನ್ನೀರಿನ ಮಗ್ಗುಲಿಗೆ ಇರುವ ವಲಯ ಎನ್. ಬೇಗೂರು. ಗುಂಡ್ಲುಪೇಟೆ–ಊಟಿ ರಸ್ತೆಯಲ್ಲಿ ಬಂದು, ಸಫಾರಿ ಬಸ್ಸು ಹತ್ತಿ, ಬಂಡೀಪುರ ನೋಡಿದೆವು ಎಂದು ಹೋಗುವವರಲ್ಲಿ ಹೆಚ್ಚಿನವರು ಬೇಗೂರು, ಗುಂಡ್ರೆ, ಹೆಡಿಯಾಲ, ಮೊಳೆಯೂರು ಎಂಬ ಹೆಸರುಗಳನ್ನೇ ಕೇಳಿರುವುದಿಲ್ಲ. ಆದರೆ ಹುಲಿ ಈ ಗಡಿಗಳನ್ನು ಲೆಕ್ಕಕ್ಕಿಡುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸಿರು ಬಯಲು ತೆರೆದುಕೊಂಡಾಗ ಆನೆಗಳು ವಯನಾಡಿನಿಂದಲೂ ನಾಗರಹೊಳೆಯಿಂದಲೂ ಇಲ್ಲಿಗೆ ಬಂದು ಸೇರುತ್ತವೆ. ಮೂರು ಕಾಡುಗಳು ಕೂಡುವ ಈ ಮೂಲೆಯಲ್ಲಿ ಪ್ರಾಣಿಗಳನ್ನು ಎಣಿಸುವುದು ಹೇಗೆ ಎಂಬ ಪ್ರಶ್ನೆ ಹಳೆಯದು. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ಸಂಬಳವಿಲ್ಲದೆ ಕೈಜೋಡಿಸಿದ ಜನರ ಕಥೆ ದಾಖಲಾಗಲೇಬೇಕು.

ಈ ಕಾಡನ್ನು ಓದುವ ವಿದ್ಯೆ ವಿಜ್ಞಾನಿಗಳಿಗಿಂತ ಮುಂಚೆಯೇ ಇಲ್ಲಿತ್ತು. ಕಾಕನಕೋಟೆಯ ಖೆಡ್ಡಾಗಳಿಗೆ, ಅಂದರೆ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗಳಿಗೆ, ಆನೆಗಳ ಜಾಡು ಹಿಡಿದುಕೊಟ್ಟವರು ಜೇನುಕುರುಬರು, ಬೆಟ್ಟಕುರುಬರು. ಎಷ್ಟು ಆನೆಗಳ ಹಿಂಡು, ಮರಿ ಎಷ್ಟು, ಸಲಗ ಎಲ್ಲಿ ನಿಂತಿದೆ ಎಂಬುದನ್ನು ಅವರು ಹೇಳಿದ ಮೇಲೆಯೇ ದೊಡ್ಡವರ ಲೆಕ್ಕಾಚಾರ ಶುರುವಾಗುತ್ತಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಬಿನಿ ಅಣೆಕಟ್ಟು ಮುಗಿಯಿತು. ಖೆಡ್ಡಾದ ನೆಲವೂ ಬುಡಕಟ್ಟಿನ ಹಲವು ಹಾಡಿಗಳೂ ನೀರಿನಡಿ ಹೋದವು. ಅದಕ್ಕೆ ಒಂದು ವರ್ಷ ಮೊದಲು, 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಆರಂಭವಾಗಿತ್ತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹಿಡಿಯಲು ಎಣಿಸುತ್ತಿದ್ದ ಕಾಲ ಮುಗಿದು ಉಳಿಸಲು ಎಣಿಸುವ ಕಾಲ ಬಂದದ್ದು ಹೀಗೆ, ಎರಡೇ ವರ್ಷಗಳ ಅಂತರದಲ್ಲಿ. ಜಾಡು ಹಿಡಿಯುವ ಕಾಲುಗಳು ಮಾತ್ರ ಆ ಕುರುಬರವೇ. ಹಾಡಿ ಬಿಟ್ಟು ಕಾಡಿನಂಚಿಗೆ ಬಂದ ಕುಟುಂಬಗಳ ಮಕ್ಕಳೇ ಮುಂದೆ ಅರಣ್ಯ ಇಲಾಖೆಯ ವಾಚರ್‌ಗಳಾಗಿ ಅದೇ ಕಾಡಿಗೆ ಮರಳಿದರು. ಈ ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಏಕೆಂದರೆ ಸ್ವಯಂಸೇವಕರ ಕಥೆಯನ್ನು ಅವರನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.

ಮೊದಲ ದಶಕಗಳಲ್ಲಿ ಹುಲಿ ಗಣತಿ ಎಂದರೆ ಹೆಜ್ಜೆ ಗುರುತು. ಒಡಿಶಾದ ಅರಣ್ಯಾಧಿಕಾರಿ ಎಸ್.ಆರ್. ಚೌಧರಿ ರೂಪಿಸಿದ ಕ್ರಮ ಅದು. ದೂಳಿನ ದಾರಿಯಲ್ಲಿ ಮೂಡಿದ ಹಿಂಗಾಲಿನ ಗುರುತಿನ ಮೇಲೆ ಗಾಜಿನ ಹಲಗೆ ಇಟ್ಟು, ಅಂಚು ಎಳೆದು, ಕಾಗದಕ್ಕೆ ಇಳಿಸುವುದು. ಆಮೇಲೆ ಎಲ್ಲ ವಲಯಗಳ ಕಾಗದಗಳನ್ನು ಹರಡಿಕೊಂಡು ಇದು ಒಂದು ಹುಲಿ, ಇದು ಇನ್ನೊಂದು ಎಂದು ತೀರ್ಮಾನಿಸುವುದು. ಆಗ ಮೈಸೂರು, ಬೆಂಗಳೂರಿನ ಪ್ರಕೃತಿ ಸಂಘಗಳ ಉತ್ಸಾಹಿಗಳು ಬರುತ್ತಿದ್ದದ್ದು ಹೆಚ್ಚಾಗಿ ಕೆರೆ ದಂಡೆಯ ಎಣಿಕೆಗೆ. ಬೇಸಿಗೆಯ ಇಡೀ ಹಗಲು ಅಟ್ಟಣೆಯ ಮೇಲೆ ಕೂತು, ನೀರಿಗೆ ಬಂದ ಪ್ರಾಣಿಗಳನ್ನು ಬರೆದುಕೊಳ್ಳುವ ಕೆಲಸ. ಕಾಡಿನ ಮೇಲೆ ಪ್ರೀತಿ ಹುಟ್ಟಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅದರಿಂದ ಕಾಡಿನಲ್ಲಿ ಎಷ್ಟು ಜಿಂಕೆ ಇವೆ ಎಂಬುದು ತಿಳಿಯುವುದಿಲ್ಲ. ಬೆಳಿಗ್ಗೆ ನೀರು ಕುಡಿದ ಹಿಂಡೇ ಸಂಜೆ ಮತ್ತೆ ಬಂದಿರಬಹುದು. ಕಾಡಿನೊಳಗಿನ ಹಳ್ಳದಲ್ಲಿ ನೀರು ಉಳಿದಿದ್ದರೆ ಕೆರೆಗೆ ಬಾರದೆಯೇ ಇರಬಹುದು.

ಬಂಡೀಪುರಕ್ಕೆ ವಿಜ್ಞಾನ ಹೊಸದಾಗಿರಲಿಲ್ಲ. ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲೇ ಇಲ್ಲಿ ಬೀಡುಬಿಟ್ಟು ಕೆನ್ನಾಯಿಗಳ ಬೆನ್ನು ಹತ್ತಿ ಅಧ್ಯಯನ ಮಾಡಿದ್ದರು. ಆದರೆ ಜನಸಾಮಾನ್ಯರು ಕೈಹಾಕಬಹುದಾದ ವಿಜ್ಞಾನ ಬಂದದ್ದು ಹೊಳೆಯ ಆಚೆ ದಡದಿಂದ. 1986ರಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಮತ್ತು ಅದರ ಬೇಟೆಪ್ರಾಣಿಗಳ ಅಧ್ಯಯನ ಆರಂಭಿಸಿದರು. ಓದಿದ್ದು ಎಂಜಿನಿಯರಿಂಗ್, ಹಿಡಿದದ್ದು ಕಾಡಿನ ದಾರಿ. 1984ರಲ್ಲಿ ಹುಟ್ಟಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಈ ಕೆಲಸದ ಮನೆಯಾಯಿತು. 1990ರಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿದರು. ಕನ್ನಡದ ಓದುಗರಿಗೆ ಆ ದಿನಗಳ ಪರಿಚಯ ‘ಹುಲಿರಾಯನ ಆಕಾಶವಾಣಿ’ ಪುಸ್ತಕದಿಂದ ಇದೆ. 1991ರಿಂದ ಕ್ಯಾಮೆರಾ ಟ್ರ್ಯಾಪ್. ಆ ಹೊತ್ತಿಗೆ ನಾಗರಹೊಳೆಯ ರೇಂಜರ್ ಕೆ.ಎಂ. ಚಿಣ್ಣಪ್ಪನವರು ಕಳ್ಳಬೇಟೆಯನ್ನು ಮಟ್ಟಹಾಕಿ, ಎಣಿಸಲು ಪ್ರಾಣಿಗಳು ಉಳಿದಿರುವಂತೆ ನೋಡಿಕೊಂಡಿದ್ದರು. ಅವರ ಸುತ್ತ ಸೇರುತ್ತಿದ್ದ ಯುವಕರ ಗುಂಪೇ ಮುಂದೆ ಸ್ವಯಂಸೇವಕರ ಮೊದಲ ಪೀಳಿಗೆ. ಕಾಫಿ ಬೆಳೆಗಾರರು, ಕಾಲೇಜು ಮೇಷ್ಟ್ರುಗಳು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿಯುವವರು, ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು. ರಜೆ ಹಾಕಿ, ತಮ್ಮ ಖರ್ಚಿನಲ್ಲಿ ಬಸ್ಸು ಹತ್ತಿ ಬರುತ್ತಿದ್ದರು.

ಹೊರಗಿನ ಜಗತ್ತಿನಲ್ಲಿ ಇಂಥ ಸ್ವಯಂಸೇವೆಗೆ ಪರಂಪರೆ ಇತ್ತು. ಅಮೆರಿಕದಲ್ಲಿ 1900ರಿಂದ ಕ್ರಿಸ್‌ಮಸ್ ಹೊತ್ತಿಗೆ ಸಾಮಾನ್ಯ ಜನರೇ ಹಕ್ಕಿಗಳನ್ನು ಎಣಿಸುತ್ತ ಬಂದಿದ್ದಾರೆ. 1971ರಲ್ಲಿ, ಕಾಕನಕೋಟೆಯ ಕೊನೆಯ ಖೆಡ್ಡಾದ ವರ್ಷವೇ, ಬಾಸ್ಟನ್‌ನಲ್ಲಿ ಅರ್ಥ್‌ವಾಚ್ ಎಂಬ ಸಂಸ್ಥೆ ಹುಟ್ಟಿತು; ಜನ ತಾವೇ ಹಣ ಕಟ್ಟಿ ವಿಜ್ಞಾನಿಗಳ ಜೊತೆ ಕ್ಷೇತ್ರಕಾರ್ಯಕ್ಕೆ ಹೋಗುವ ಏರ್ಪಾಡು ಅದರದು. ಅಲ್ಲಿ ಸ್ವಯಂಸೇವಕ ದೂರದಿಂದ ಬಂದು ಹೋಗುವ ಅತಿಥಿ. ಕಬಿನಿ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ನಡೆದವರು ಮೈಸೂರು, ಹುಣಸೂರು, ಕೊಡಗಿನ ಕಡೆಯವರು. ಕಾಡಿನಿಂದ ಹೊರಬಂದ ಮೇಲೂ ಇದೇ ಕಾಡಿನ ನೆರೆಯವರು. ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಓಡಿದವರು, ಊರಿನ ಶಾಲೆಯಲ್ಲಿ ಮಕ್ಕಳಿಗೆ ಕಾಡಿನ ಪಾಠ ಹೇಳಿದವರೂ ಅವರಲ್ಲಿದ್ದರು.

ಅವರು ಮಾಡಿದ ಕೆಲಸ ಏನು? ಕಾಗದದ ಮೇಲೆ ಅದಕ್ಕೆ ಲೈನ್ ಟ್ರಾನ್ಸೆಕ್ಟ್ ಎಂಬ ಹೆಸರು. ಕಾಡಿನಲ್ಲಿ ಎಲ್ಲರೂ ಹೇಳುವುದು ‘ಲೈನ್’. ನಕ್ಷೆಯ ಮೇಲೆ ಮೊದಲೇ ಗೆರೆ ಎಳೆದು, ಕಾಡಿನಲ್ಲಿ ಆ ಗೆರೆಯಂತೆಯೇ ಒಬ್ಬರು ನಡೆಯುವಷ್ಟು ಅಗಲಕ್ಕೆ ದಾರಿ ಸವರಿಟ್ಟಿರುತ್ತಾರೆ. ದಾರಿ ಹಳ್ಳಕ್ಕೆ ಇಳಿದರೆ ನಾವೂ ಇಳಿಯಬೇಕು. ಪೊದೆ ಅಡ್ಡ ಬಂದರೆ ಬಳಸಿ ಹೋಗುವಂತಿಲ್ಲ. ನಸುಕಿಗೆ ಎದ್ದು, ಬೆಳಕು ಹರಿಯುತ್ತಿದ್ದಂತೆ ಹೊರಟು, ಬಿಸಿಲೇರುವ ಮೊದಲು ಮುಗಿಸಬೇಕು. ಸಂಜೆ ಮತ್ತೊಮ್ಮೆ.

ಕಂಡ ಪ್ರಾಣಿಯನ್ನು ಎಣಿಸಿದರೆ ಸಾಲದು ಎಂಬುದು ಈ ಕ್ರಮದ ಜೀವಾಳ. ಮತ್ತಿ ಮರದ ಹಿಂದೆ ಜಿಂಕೆಗಳ ಗುಂಪು ಕಂಡಿತು ಎನ್ನಿ. ಒಬ್ಬರು ತಲೆ ಎಣಿಸುತ್ತಾರೆ: ಏಳು. ಇನ್ನೊಬ್ಬರು ರೇಂಜ್ ಫೈಂಡರ್ ಹಿಡಿದು ದೂರ ಅಳೆಯುತ್ತಾರೆ. ಅಳೆಯಬೇಕಾದದ್ದು ಗುಂಪಿನ ನಡುವಿಗೆ, ಹತ್ತಿರದ ಜಿಂಕೆಗಲ್ಲ. ಮೊದಲು ಕಂಡಾಗ ಎಲ್ಲಿದ್ದವೋ ಅಲ್ಲಿಗೆ. ಓಡಿ ನಿಂತ ಜಾಗಕ್ಕಲ್ಲ. ಓಡಿಬಿಟ್ಟರೆ, ಅವು ನಿಂತಿದ್ದ ಮರದ ಬುಡಕ್ಕೆ ಅಳತೆ. ಆಮೇಲೆ ದಿಕ್ಸೂಚಿಯಲ್ಲಿ ಪ್ರಾಣಿಯ ದಿಕ್ಕು, ಲೈನಿನ ದಿಕ್ಕು. ಈ ಮೂರರಿಂದ ಗುಂಪು ಲೈನಿಗೆ ನೇರ ಎಷ್ಟು ದೂರದಲ್ಲಿತ್ತು ಎಂದು ಲೆಕ್ಕ ಬರುತ್ತದೆ. ಲೈನಿನ ಮೇಲೆಯೇ ಇರುವ ಪ್ರಾಣಿ ತಪ್ಪುವುದಿಲ್ಲ. ದೂರ ಹೋದಂತೆ ತಪ್ಪಿಹೋಗುವುದು ಹೆಚ್ಚುತ್ತದೆ. ಎಷ್ಟು ತಪ್ಪಿಹೋಯಿತು ಎಂಬುದನ್ನು ಕಂಡವುಗಳ ದೂರಗಳೇ ಹೇಳುತ್ತವೆ. ಅದಕ್ಕಾಗಿಯೇ ದೂರವನ್ನು ಅಂದಾಜಿನಲ್ಲಿ ಬರೆಯಬಾರದು ಎಂಬ ಕಟ್ಟುನಿಟ್ಟು. ‘ಸುಮಾರು ಐವತ್ತು ಮೀಟರ್’ ಎಂದು ಬರೆದವರನ್ನು ತರಬೇತಿಯಲ್ಲಿ ಮತ್ತೆ ಮತ್ತೆ ತಿದ್ದುತ್ತಿದ್ದರು. ತೇಗದ ತರಗೆಲೆ ಉದುರಿ ನೆಲವೆಲ್ಲ ಹಪ್ಪಳದಂತೆ ಸದ್ದು ಮಾಡುವ ತಿಂಗಳುಗಳಲ್ಲಿ ಲೈನನ್ನು ಗುಡಿಸಿಡುವುದೂ ಇದಕ್ಕೇ: ನಮ್ಮ ಕಾಲ ಸಪ್ಪಳಕ್ಕೆ ಓಡಿದ ಕಡವೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ನಾನೂ ಈ ಲೈನ್‌ಗಳನ್ನು ನಡೆದವನು. ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಆನೆಯ ಭಯ ಅಲ್ಲ, ಉಣ್ಣೆಯ ಕಡಿತವೂ ಅಲ್ಲ. ಏನೂ ಕಾಣದ ಬೆಳಗನ್ನು ಕಾಗದಕ್ಕೆ ಇಳಿಸುವುದು. ದೂರದೂರಿನಿಂದ ಬಂದು, ಚಳಿಯಲ್ಲಿ ಎದ್ದು, ಇಡೀ ಲೈನ್ ನಡೆದು, ಹಾಳೆಯ ಮೇಲೆ ಆರಂಭದ ಸಮಯ, ಮುಕ್ತಾಯದ ಸಮಯ ಬರೆದು ನಡುವೆ ಖಾಲಿ ಬಿಟ್ಟು ಸಹಿ ಹಾಕುವುದು. ಸುಳ್ಳು ಬರೆಯುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೆ ಲೈನ್ ಮುಗಿಸಿ ಜೀಪಿಗೆ ಮರಳುವಾಗ ದಾರಿಯಲ್ಲಿ ಕಂಡ ಕಾಟಿ ಹಿಂಡನ್ನು ಸೇರಿಸಿಬಿಡೋಣ ಎನ್ನಿಸುತ್ತದೆ. ಸೇರಿಸಿದರೆ ಅಲ್ಲಿಗೆ ವಿಜ್ಞಾನ ಕೆಟ್ಟಿತು. ಆ ಖಾಲಿ ಹಾಳೆಗೂ ಏಳು ಜಿಂಕೆ ಕಂಡ ಹಾಳೆಗೂ ಸಮನಾದ ಬೆಲೆ ಎಂಬುದು ಒಳಗೆ ಇಳಿದ ದಿನ ಮನುಷ್ಯ ನಿಜವಾದ ಸ್ವಯಂಸೇವಕನಾಗುತ್ತಾನೆ. ಕಾಡನ್ನು ಪ್ರೀತಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕಂಡದ್ದನ್ನು ಕಂಡಷ್ಟೇ ಬರೆಯುವವರನ್ನು ತಯಾರು ಮಾಡಿದ್ದು ಈ ಪರಂಪರೆಯ ದೊಡ್ಡ ಕೊಡುಗೆ ಎಂದು ನಾನು ನಂಬಿದ್ದೇನೆ.

ಲೈನಿನಲ್ಲಿ ಮುಂದೆ ನಡೆಯುವವರು ವಾಚರ್. ನಾವು ಅವರನ್ನು ಅಣ್ಣ ಎನ್ನುತ್ತೇವೆ. ಅವರಿಗೆ ಇಪ್ಪತ್ತರ ಹುಡುಗನೂ ‘ಸಾರ್’. ರೇಂಜ್ ಫೈಂಡರ್ ನಮ್ಮ ಕೈಯಲ್ಲಿ, ಕಣ್ಣು ಅವರದು. ಹುಲ್ಲಿನ ಮೇಲಿನ ಇಬ್ಬನಿ ಒಂದು ಪಟ್ಟಿಯಷ್ಟು ಅಳಿಸಿಹೋಗಿದ್ದರೆ ಅಣ್ಣ ನಿಲ್ಲುತ್ತಾರೆ. ಬಗ್ಗಿ ನೋಡುತ್ತಾರೆ, ಹುಲ್ಲು ಯಾವ ಕಡೆ ಬಾಗಿದೆ, ಲದ್ದಿಯ ಮೇಲೆ ಹಬೆ ಇದೆಯೇ. ಅಂಗೈಯನ್ನು ಹಿಂದಕ್ಕೆ ಚಾಚಿ ಹಿಡಿದರೆ ನಿಲ್ಲಿ ಎಂದು. ಎರಡು ಬೆರಳು ಕೆಳಗೆ ಆಡಿಸಿದರೆ ಸದ್ದಿಲ್ಲದೆ ಹಿಂದೆ ಸರಿಯಿರಿ ಎಂದು. ನಮಗೆ ಬಿದಿರ ಮೆಳೆ ಮಾತ್ರ ಕಾಣುತ್ತಿರುತ್ತದೆ. ಅವರಿಗೆ ಅದರೊಳಗಿನ ಆನೆಯ ಕಿವಿ ಕಂಡಿರುತ್ತದೆ. ಶಿಬಿರಕ್ಕೆ ಮರಳಿ, ಆನೆ ಕಂದಕದ ಮೇಲಿನ ಹಲಗೆ ದಾಟಿ, ಮುದ್ದೆ, ಹುರುಳಿ ಸಾರಿನ ಮುಂದೆ ಕೂತಾಗಲೂ ಬೆಳಗಿನ ಲೆಕ್ಕ ಅವರ ಬಾಯಲ್ಲಿ ಮತ್ತೊಮ್ಮೆ ಬರುತ್ತದೆ: ಆ ಹಿಂಡಿನಲ್ಲಿ ಗಂಡು ಒಂದು, ಹೆಣ್ಣು ನಾಲ್ಕು, ಮರಿ ಎರಡು. ನಮ್ಮ ಹಾಳೆಯ ಏಳಕ್ಕೆ ಅದು ತಾಳೆಯಾಗುತ್ತದೆ.

ಈ ಎಣಿಕೆ ಹುಲಿಯ ಲೆಕ್ಕಕ್ಕೆ ಹೇಗೆ ಸೇರುತ್ತದೆ ಎಂದು ಹಲವರು ಕೇಳುತ್ತಾರೆ. ಹುಲಿಯನ್ನು ಎಣಿಸುವುದು ಪಟ್ಟೆಯಿಂದ. ಎರಡು ಹುಲಿಗಳ ಪಟ್ಟೆ ಒಂದೇ ತೆರ ಇರುವುದಿಲ್ಲ. ಒಂದೇ ಹುಲಿಯ ಎಡ, ಬಲ ಮೈಯ ಪಟ್ಟೆಗಳೂ ಬೇರೆ ಬೇರೆ. ಆದ್ದರಿಂದ ದಾರಿಯ ಎರಡೂ ಬದಿಗೆ, ಮೊಣಕಾಲೆತ್ತರಕ್ಕೆ, ಎದುರುಬದುರು ಕ್ಯಾಮೆರಾ. ರೀಲಿನ ಕಾಲದಲ್ಲಿ 36 ಚಿತ್ರ ಮುಗಿದರೆ ರೀಲು ಮುಗಿಯಿತು. ದನವೋ ಜೀಪೋ ಅಡ್ಡ ಬಂದರೂ ಒಂದು ಚಿತ್ರ ಹೋಯಿತು. ಮೊದಲ ಸಲ ಸಿಕ್ಕ ಹುಲಿಗಳಲ್ಲಿ ಎಷ್ಟು ಎರಡನೆಯ ಸಲವೂ ಸಿಕ್ಕವು ಎಂಬುದರಿಂದ ಒಟ್ಟು ಎಷ್ಟಿರಬಹುದು ಎಂದು ಅಳೆಯುವ ಗಣಿತವನ್ನು ಕಾರಂತರು ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಬೆಳೆಸಿದರು. ಈ ದಾರಿಯ ಮೊದಲ ಪ್ರಬಂಧ 1995ರದು. ನಾಗರಹೊಳೆಯಲ್ಲಿ 1991ರಿಂದ 2000ದವರೆಗಿನ ಚಿತ್ರಗಳಲ್ಲಿ 74 ಬೇರೆ ಬೇರೆ ಹುಲಿಗಳು ಗುರುತಾದವು. ಅವುಗಳಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುವ ಪ್ರಮಾಣ ಸುಮಾರು 77 ಪ್ರತಿಶತ. ಅಂದರೆ ಪ್ರತಿ ವರ್ಷ ನಾಲ್ಕರಲ್ಲಿ ಒಂದರಷ್ಟು ಹುಲಿ ಸಾಯುತ್ತಿತ್ತು ಅಥವಾ ಬೇರೆಡೆಗೆ ಹೋಗುತ್ತಿತ್ತು. ಆದರೂ ಕಾಡಿನಲ್ಲಿ ಹುಲಿ ಕಡಿಮೆಯಾಗಲಿಲ್ಲ. ಬೇಟೆಪ್ರಾಣಿ ಸಮೃದ್ಧವಾಗಿದ್ದರೆ ಹುಟ್ಟಿದವು ಆ ಜಾಗ ತುಂಬುತ್ತವೆ. ಒಂದು ಹುಲಿಗೆ ವರ್ಷಕ್ಕೆ 50ರಷ್ಟು ಬೇಟೆ ಬೇಕು; ಅಷ್ಟು ಕೊಟ್ಟೂ ಬಡವಾಗದಿರಲು ಕಾಡಿನಲ್ಲಿ ಒಂದು ಹುಲಿಗೆ 500ರಷ್ಟು ಗೊರಸಿನ ಪ್ರಾಣಿಗಳು ಇರಬೇಕು. ದೇಶದ ಹಲವು ಕಾಡುಗಳ ಲೆಕ್ಕ ಸೇರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಬೇಟೆಪ್ರಾಣಿಗಳ ಸಾಂದ್ರತೆಗೂ ಹುಲಿಯ ಸಾಂದ್ರತೆಗೂ ಇರುವ ಈ ಸಂಬಂಧವನ್ನು ಸ್ಥಾಪಿಸಿತು. ಆ ಕಾಡುಗಳಲ್ಲಿ ನಾಗರಹೊಳೆಯೂ ಇತ್ತು, ಬಂಡೀಪುರವೂ ಇತ್ತು. ಬಿದಿರ ಮೆಳೆಯ ಪಕ್ಕ ಯಾರೋ ಮೇಷ್ಟ್ರು ಬರೆದುಕೊಂಡ ಜಿಂಕೆಯ ದೂರ ಹೋಗಿ ಮುಟ್ಟಿದ ಜಾಗ ಅದು.

2004–05ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು ಬಯಲಾದಾಗ ಹೆಜ್ಜೆ ಗುರುತಿನ ಲೆಕ್ಕದ ಮೇಲಿದ್ದ ನಂಬಿಕೆ ಕುಸಿಯಿತು. ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಇರಲಿಲ್ಲ. ಖಾಲಿ ಹಾಳೆಗೆ ಸಹಿ ಹಾಕುವ ಧೈರ್ಯ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಇಲ್ಲ. 2006ರಿಂದ ಭಾರತೀಯ ವನ್ಯಜೀವಿ ಸಂಸ್ಥೆಯ ವೈ.ವಿ. ಝಾಲಾ, ಕಮರ್ ಖುರೇಷಿ ರೂಪಿಸಿದ ಹೊಸ ಕ್ರಮದಲ್ಲಿ ನಾಲ್ಕು ವರ್ಷಕ್ಕೊಮ್ಮೆ ದೇಶದ ಹುಲಿ ಗಣತಿ ನಡೆಯುತ್ತಿದೆ. ಈ ಕ್ರಮ ಮತ್ತು ಕಾರಂತರ ಕ್ರಮಗಳ ಬಗ್ಗೆ ವಿಜ್ಞಾನಿಗಳ ನಡುವೆ ಜೋರು ಚರ್ಚೆ ನಡೆದಿದೆ, ಈಗಲೂ ಇದೆ. ಅಂಥ ಚರ್ಚೆ ಇರುವುದೇ ಕಾಡಿಗೆ ಒಳ್ಳೆಯದು.

ಹೊಸ ಗಣತಿಯಿಂದಾಗಿ ಸ್ವಯಂಸೇವಕರಿಗೆ ಬಾಗಿಲು ಇನ್ನಷ್ಟು ತೆರೆಯಿತು. 2010ರ ಗಣತಿಯಿಂದ ಕರ್ನಾಟಕ ಅರಣ್ಯ ಇಲಾಖೆ ಸಾರ್ವಜನಿಕರನ್ನೂ ಕರೆಯಿತು. ಪ್ರತಿ ಬೀಟಿನಲ್ಲಿ, ಅಂದರೆ ಒಬ್ಬ ಗಾರ್ಡ್ ಕಾಯುವ ಕಾಡಿನ ತುಂಡಿನಲ್ಲಿ, ಮೊದಲು ಮಾಂಸಾಹಾರಿಗಳ ಹಿಕ್ಕೆ, ಹೆಜ್ಜೆ, ಉಗುರು ಗೀಚಿನ ಹುಡುಕಾಟ. ಆಮೇಲೆ 2 ಕಿ.ಮೀ. ಲೈನ್. ಪ್ರತಿ 400 ಮೀಟರಿಗೆ ನಿಂತು ಮರ, ಪೊದೆ, ಹುಲ್ಲು, ಹಿಕ್ಕೆಗಳನ್ನು ಬರೆಯುವ ಕೆಲಸವೂ ಅದರಲ್ಲಿತ್ತು. ಈ ಗಿಡಮರಗಳ ಲೆಕ್ಕವನ್ನು ಬೇಸರದ ಕೆಲಸ ಎಂದು ಬಹಳ ಮಂದಿ ತಿಳಿದಿದ್ದರು. ಆದರೆ ಲಂಟಾನ ಕಳೆ ಎಲ್ಲಿ ಎಷ್ಟು ಹಬ್ಬಿದೆ, ಹೂಬಿಟ್ಟು ಒಣಗಿದ ಬಿದಿರಿನ ಜಾಗಕ್ಕೆ ಏನು ಬಂತು ಎಂದು ಬೀಟು ಬೀಟಿಗೆ ಹೇಳಬಲ್ಲದ್ದು ಆ ಬೇಸರದ ಹಾಳೆಯೇ. ಬಂಡೀಪುರದ ಇಂದಿನ ದೊಡ್ಡ ಸಂಕಟ ಲಂಟಾನ. ಜಿಂಕೆಯ ಹುಲ್ಲನ್ನು ಅದು ನುಂಗುತ್ತಿದೆ.

2010ರ ಗಣತಿಗೆ ಸ್ವಲ್ಪ ಮೊದಲು, 2006–07ರಲ್ಲಿ, ಕಾರಂತರ ತಂಡ ಕರ್ನಾಟಕದ ಮಲೆನಾಡಿನ ಸುಮಾರು 38,000 ಚದರ ಕಿ.ಮೀ. ಭೂಭಾಗದಲ್ಲಿ ಹುಲಿ ಎಲ್ಲೆಲ್ಲಿ ಓಡಾಡುತ್ತದೆ ಎಂಬ ಸಮೀಕ್ಷೆ ನಡೆಸಿತ್ತು. ಕಾಡುದಾರಿಗಳಲ್ಲಿ ಒಟ್ಟು 4,174 ಕಿ.ಮೀ. ನಡಿಗೆ. ಸಂಬಳದ ಸಿಬ್ಬಂದಿಯಷ್ಟೇ ಆಗಿದ್ದರೆ ಮುಗಿಯದ ಕೆಲಸ ಅದು. ಈ ಓಡಾಟ ಎಷ್ಟು ದೂರದ್ದು ಎಂಬುದನ್ನು ಹುಲಿಯೇ ತೋರಿಸಿಕೊಟ್ಟಿತು: ಬಂಡೀಪುರದ ಕ್ಯಾಮೆರಾದಲ್ಲಿ ಸಿಕ್ಕಿದ್ದ ಒಂದು ಗಂಡು ಹುಲಿ 2011ರಲ್ಲಿ ಸುಮಾರು 280 ಕಿ.ಮೀ. ದೂರದ ಶಿಕಾರಿಪುರ ತಾಲ್ಲೂಕಿನಲ್ಲಿ ಪತ್ತೆಯಾಯಿತು. ಪಟ್ಟೆಯ ದಾಖಲೆ ಇಲ್ಲದಿದ್ದರೆ ಅದು ಎಲ್ಲಿಯ ಹುಲಿ ಎಂದು ಯಾರೂ ಹೇಳಲಾಗುತ್ತಿರಲಿಲ್ಲ.

ಆನೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ದಕ್ಷಿಣದ ರಾಜ್ಯಗಳು ಒಟ್ಟಾಗಿ ನಡೆಸುವ ಗಣತಿಯಲ್ಲಿ ಮೊದಲ ದಿನ ನೇರ ಎಣಿಕೆ, ಎರಡನೆಯ ದಿನ ಲೈನಿನಲ್ಲಿ ಲದ್ದಿ ರಾಶಿಗಳ ಲೆಕ್ಕ, ಮೂರನೆಯ ದಿನ ಕೆರೆ ದಂಡೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಶಿಷ್ಯರು ಇದಕ್ಕೆ ವಿಜ್ಞಾನದ ಬೆನ್ನೆಲುಬು. 2023ರ ಮೇ ತಿಂಗಳ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳು. ಬಂಡೀಪುರದಲ್ಲಿ 1,116, ನಾಗರಹೊಳೆಯಲ್ಲಿ 831. ಹುಲಿಗಳ ಲೆಕ್ಕವೂ ಅದೇ ವರ್ಷ ಹೊರಬಂತು: 2022ರ ಗಣತಿಯಂತೆ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಆ ಗಣತಿಯಲ್ಲಿ ದೇಶದ ಹುಲಿ ಕಾಡುಗಳ ಪೈಕಿ ಇವೆರಡೂ ಎರಡನೆಯ, ಮೂರನೆಯ ಸ್ಥಾನದಲ್ಲಿದ್ದವು.

ಹುಲಿ, ಆನೆ ಹೆಚ್ಚಿದ ಕಡೆ ಅಂಚಿನ ಹೊಲದವರ ನಷ್ಟವೂ ಹೆಚ್ಚುತ್ತದೆ. ಬೇಗೂರು ಸುತ್ತಿನ ಹತ್ತಿ, ರಾಗಿ, ಜೋಳದ ಹೊಲಗಳಿಗೆ ಇದು ದಿನನಿತ್ಯದ ಮಾತು. 2015ರಲ್ಲಿ ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ್ ಆರಂಭಿಸಿದ ‘ವೈಲ್ಡ್ ಸೇವೆ’ ಬೆಳೆ, ದನ ಕಳೆದುಕೊಂಡ ರೈತರಿಗೆ ಪರಿಹಾರದ ಅರ್ಜಿ ಹಾಕಲು ನೆರವಾಗುತ್ತ ಬಂದಿದೆ. ಒಂದು ಫೋನ್ ಕರೆಗೆ ಬೈಕಿನಲ್ಲಿ ಹೊರಡುವ ಸ್ಥಳೀಯ ಹುಡುಗರು ಅದರ ಕೈಕಾಲು. ಲೈನ್ ನಡೆದವರ ಶಿಸ್ತು ಹೊಲದ ಬದುವಿಗೂ ಬಂದಿದೆ ಎಂದು ನನಗೆ ಸಂತೋಷ: ಎಷ್ಟು ಸಾಲು ತುಳಿದಿದೆ, ಯಾವ ಪ್ರಾಣಿ, ಎಷ್ಟು ಹೊತ್ತಿಗೆ ಎಂದು ಅಳೆದು ಬರೆದ ಅರ್ಜಿಗೆ ಕಚೇರಿಯಲ್ಲಿ ತೂಕ ಇರುತ್ತದೆ.

ಈಗ ಕ್ಯಾಮೆರಾಗೆ ರೀಲು ಬೇಡ; ಪಟ್ಟೆ ಹೊಂದಿಸಲು ತಂತ್ರಾಂಶ ಇದೆ; ಬೀಟಿನ ಗಾರ್ಡ್ ಮೊಬೈಲಿನ ಆ್ಯಪ್‌ನಲ್ಲೇ ಲೈನ್ ದಾಖಲಿಸುತ್ತಾರೆ. ಗಣತಿ ಹೆಚ್ಚಾಗಿ ಇಲಾಖೆಯ ಸಿಬ್ಬಂದಿಯ ಕೆಲಸವಾಗಿದೆ, ಹೊರಗಿನವರಿಗೆ ಜಾಗ ಕಡಿಮೆಯಾಗಿದೆ. ಸಿಬ್ಬಂದಿ ತರಬೇತಾದದ್ದು ಒಳ್ಳೆಯದೇ. ಆದರೆ ಸಾರ್ವಜನಿಕರು ಜೊತೆಗೆ ನಡೆದ ಲೆಕ್ಕಕ್ಕೆ ಹೊರಗೆ ಸಾಕ್ಷಿಗಳಿರುತ್ತಾರೆ. ಹುಣಸೂರಿನ ಒಬ್ಬ ಮೇಷ್ಟ್ರು ‘ನಾನೇ ನಡೆದಿದ್ದೇನೆ’ ಎಂದರೆ ಅಂಗಡಿ ಜಗಲಿಯಲ್ಲಿ ಆ ಸಂಖ್ಯೆಗೆ ಸಿಗುವ ನಂಬಿಕೆ ಯಾವ ಪ್ರಕಟಣೆಗೂ ಸಿಗುವುದಿಲ್ಲ. ಪ್ರತಿ ವಲಯದಲ್ಲಿ ಕೆಲವು ಲೈನ್‌ಗಳನ್ನಾದರೂ ತರಬೇತಾದ ಸ್ವಯಂಸೇವಕರಿಗೆ ತೆರೆದಿಡಬೇಕು. ಮೊದಲ ಅವಕಾಶ ಕಾಡಂಚಿನ ಊರು, ಹಾಡಿಗಳ ಯುವಕ ಯುವತಿಯರಿಗೆ ಸಿಗಬೇಕು.

ಇನ್ನೊಂದು ಕೆಲಸ ಬಾಕಿ ಇದೆ. ಲೈನಿನ ಹಾಳೆಯ ತಲೆಯಲ್ಲಿ ವೀಕ್ಷಕರ ಹೆಸರಿಗೆ ಜಾಗ ಇದೆ; ಅಲ್ಲಿ ನಮ್ಮ ಹೆಸರುಗಳು ತುಂಬಿವೆ, ನಮಗೆ ಪ್ರಮಾಣಪತ್ರಗಳೂ ಬಂದಿವೆ. ಮುಂದೆ ನಡೆದ ಅಣ್ಣಂದಿರ ಹೆಸರು ಬಹಳಷ್ಟು ಹಾಳೆಗಳಲ್ಲಿ ‘ಜೊತೆಗೆ ವಾಚರ್’ ಎಂದಷ್ಟೇ ಉಳಿದಿದೆ. ಹಳೆಯ ಹಾಜರಿ ಪುಸ್ತಕಗಳು ಶಿಬಿರಗಳಲ್ಲಿ, ವಲಯ ಕಚೇರಿಗಳಲ್ಲಿ ಇನ್ನೂ ಸಿಗುತ್ತವೆ. ಆ ದಿನಾಂಕಗಳನ್ನು ಹಾಳೆಗಳ ದಿನಾಂಕದ ಜೊತೆ ಹೊಂದಿಸಿದರೆ ಯಾರು ಯಾವ ಲೈನ್ ನಡೆದರು ಎಂದು ಇಂದಿಗೂ ತಿಳಿಯಬಹುದು. ಅವರ ಒಪ್ಪಿಗೆ ಪಡೆದು ಆ ಪಟ್ಟಿಯನ್ನು ಅನುಬಂಧವಾಗಿ ಅಚ್ಚು ಹಾಕಿಸುವ ಹೊಣೆಯನ್ನು ಹಳೆಯ ಸ್ವಯಂಸೇವಕರಾದ ನಾವೇ ಹೊರಬೇಕು. ಬೇಗೂರು ವಲಯದಿಂದಲೇ ಅದು ಆರಂಭವಾಗಲಿ.